ನಿಮ್ಮ ವಾರ್ಡ್ ಯಾವುದು?

2025ರ ಡಿಸೆಂಬರ್ 11, ಗುರುವಾರ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಪಂಚಾಯತ್ ಚುನಾವಣೆಯ ದಿನ. ಬೆಳಗ್ಗಿನ ಬಲಿಪೂಜೆ ಮುಗಿಸಿ ಇಗರ್ಜಿಯ ಅಂಗಳಕ್ಕೆ ಇಳಿದಾಗ ಯುವಕನೊಬ್ಬ ಬೆನ್ನಿಗೆ ಚೀಲ ಹಾಕಿಕೊಂಡು ಶಿಲುಬೆಯ ಕಟ್ಟೆಯ ಹತ್ತಿರ ನಿಂತಿದ್ದ. ಬೆಂಗಳೂರಿನ ಕಂಪೆನಿಯೊಂದರಲ್ಲಿ ಅವನಿಗೆ ಕೆಲಸ. ಹಿಂದಿನ ರಾತ್ರಿ ಬಸ್ಸು ಹತ್ತಿ, ನಸುಕಿನಲ್ಲಿ ಮಂಗಳೂರಿನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಂದಿದ್ದ.

“ಓಟು ಹಾಕಲಿಕ್ಕೆ ಬಂದದ್ದು ಫಾದರ್. ರಾತ್ರಿಯ ಬಸ್ಸಿಗೇ ವಾಪಸ್” ಎಂದ.

ನನಗೆ ಖುಷಿಯಾಯಿತು. ಊರಿನ ಎಲ್ಲ ಸುದ್ದಿಯೂ ಅವನಿಗೆ ಗೊತ್ತಿತ್ತು. ಯಾರು ನಿಂತಿದ್ದಾರೆ, ಕಳೆದ ಸಲ ಯಾರು ಎಷ್ಟು ಓಟಿಗೆ ಸೋತಿದ್ದರು, ಯಾವ ರಸ್ತೆಗೆ ಕಾಂಕ್ರೀಟು ಯಾರ ಕಾಲದಲ್ಲಿ ಬಿತ್ತು, ಎಲ್ಲವನ್ನೂ ಬೆರಳು ಮಡಚಿ ಹೇಳಿದ. ಮಾತಿಗೆ ಮಾತು ಬಂದು ನಾನು ಕೇಳಿದೆ:

“ಬೆಂಗಳೂರಿನಲ್ಲಿ ನೀನಿರುವುದು ಯಾವ ವಾರ್ಡ್?”

ಅವನು ನಕ್ಕುಬಿಟ್ಟ. “ಅದೆಲ್ಲ ಎಂತ ಗೊತ್ತು ಫಾದರ್? ನಾವು ಅಲ್ಲಿ ಬಾಡಿಗೆಗೆ ಇರುವವರಲ್ವಾ?”

“ಎಷ್ಟು ವರ್ಷ ಆಯಿತು ಹೋಗಿ?”

“ಹನ್ನೊಂದು.”

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಯೇ ಒಂದು ಸಣ್ಣ ಪ್ರಬೋಧನೆ ಕೊಡುತ್ತಿದ್ದರೋ ಏನೋ. ನನಗೆ ಬಾಯಿ ಬರಲಿಲ್ಲ. ಏಕೆಂದರೆ ನಾನೂ 2016ರಿಂದ 2021ರವರೆಗೆ ಬೆಂಗಳೂರಿನ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಅದರಲ್ಲಿ ಮೊದಲ ಮೂರು ವರ್ಷ ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರವೂ ಅದೇ ಆಗಿರುತ್ತಿತ್ತು. ಆ ಮೂರು ವರ್ಷದ ಅಜ್ಞಾನಕ್ಕೆ ಒಬ್ಬ ತಾಯಿ ಬೆಲೆ ತೆತ್ತರು. ಈ ಸಂಗತಿಯನ್ನು ನಾನು ಇದುವರೆಗೆ ಎಲ್ಲಿಯೂ ಬರೆದಿಲ್ಲ. ನಮ್ಮ ಕುಟುಂಬಗಳಿಗೆ ಉಪಯೋಗವಾದೀತು ಎಂದು ಈಗ ಬರೆಯುತ್ತಿದ್ದೇನೆ.

ಮೊದಲು ನನ್ನ ಅಪ್ಪನ ವಿಷಯ ಹೇಳಬೇಕು. ಅಪ್ಪನಿಗೆ ಇದ್ದದ್ದು ಸ್ವಲ್ಪ ಅಡಿಕೆ ತೋಟ, ನಾಲ್ಕು ತೆಂಗಿನ ಮರ, ಎರಡು ದನ. ನಮ್ಮ ಮನೆಗೂ ರಸ್ತೆಗೂ ನಡುವೆ ಒಂದು ತೋಡು. ಅದನ್ನು ದಾಟಲು ಅಡಿಕೆ ಮರದ ಪಾಲ. ಮಳೆಗಾಲದಲ್ಲಿ ಆ ಪಾಲದ ಮೇಲೆ ಶಾಲೆಗೆ ಹೋಗುವ ಮಕ್ಕಳನ್ನು ಹಿಡಿದು ದಾಟಿಸುವುದು ತಾಯಂದಿರಿಗೆ ದಿನದ ಕೆಲಸವಾಗಿತ್ತು. 1996ರ ಆಗಸ್ಟಿನಲ್ಲಿ ಕೇರಳದಲ್ಲಿ ಜನಕೀಯ ಯೋಜನೆ ಆರಂಭವಾಯಿತು. ರಾಜ್ಯದ ಯೋಜನಾ ಹಣದಲ್ಲಿ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತಾರೆ, ಏನು ಕೆಲಸ ಆಗಬೇಕೆಂದು ಗ್ರಾಮಸಭೆಯಲ್ಲಿ ಜನರೇ ಹೇಳಬಹುದು ಎಂದು ಸುದ್ದಿಯಾಯಿತು. ಅಪ್ಪ ಒಗೆದ ಅಂಗಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಶಾಲೆಯ ಹಾಲಿಗೆ ಹೋದರು. ನಾನಾಗ ಹೈಸ್ಕೂಲು ಮುಗಿಸುವ ಪ್ರಾಯದ ಹುಡುಗ.

ಅಪ್ಪನಿಗೆ ಮಲಯಾಳಂ ಅರ್ಥವಾಗುತ್ತಿತ್ತು, ಮಾತು ಬರುತ್ತಿರಲಿಲ್ಲ. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿದಾಗ ಅವರು ಸಣ್ಣ ಮಗು. ಓದಿದ್ದು ಕನ್ನಡ ಶಾಲೆಯಲ್ಲಿ, ಅದೂ ಐದನೆಯ ತನಕ. ಅಂದಿನ ಸಭೆಯಲ್ಲಿ ಎದ್ದು ನಿಂತು ಅರ್ಧ ಕನ್ನಡ, ಅರ್ಧ ತುಳುವಿನಲ್ಲಿ ತೋಡಿನ ವಿಷಯ ಹೇಳಿದರು. ಕೆಲವರು ನಕ್ಕರು. ಪಂಚಾಯತ್ ಸದಸ್ಯರು ಮಾತ್ರ ನಗದೆ ಪುಸ್ತಕದಲ್ಲಿ ಬರೆದುಕೊಂಡರು. ಆ ವರ್ಷ ಏನೂ ಆಗಲಿಲ್ಲ. ಮರುವರ್ಷವೂ ಅಪ್ಪ ಹೋದರು, ಅದೇ ಮಾತು ಹೇಳಿದರು. ಮೂರನೆಯ ವರ್ಷ ಕಾಂಕ್ರೀಟಿನ ಕಾಲುಸಂಕ ಬಂತು. ಉದ್ದ ಹನ್ನೆರಡು ಅಡಿ ಇರಬಹುದು. ಇಂದಿಗೂ ಗಟ್ಟಿಯಾಗಿದೆ. ರಜೆಯಲ್ಲಿ ಮನೆಗೆ ಹೋದಾಗಲೆಲ್ಲ ಅದರ ಮೇಲೆಯೇ ನಡೆದು ಹೋಗುತ್ತೇನೆ.

ಇಂಥ ಅಪ್ಪನ ಮಗನಾಗಿಯೂ ನಾನು ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿ ಹೊರಬರುವಷ್ಟರಲ್ಲಿ ಕಾಲುಸಂಕವನ್ನು ಮರೆತಿದ್ದೆ. ಬೆಂಗಳೂರಿನ ಗುರುನಿವಾಸದಲ್ಲಿ ಬೆಳಿಗ್ಗೆ ಎರಡು ಪತ್ರಿಕೆ ಬರುತ್ತಿದ್ದವು. ಮೊದಲ ಪುಟ, ಸಂಪಾದಕೀಯ, ವಿದೇಶದ ಸುದ್ದಿ ಓದುತ್ತಿದ್ದೆ. ರಾತ್ರಿ ಊಟದ ಮೇಜಿನಲ್ಲಿ ದೆಹಲಿಯ ರಾಜಕೀಯ, ಅಮೆರಿಕದ ಚುನಾವಣೆಯ ಬಗ್ಗೆ ಗಂಟೆಗಟ್ಟಲೆ ಚರ್ಚೆ. ನಗರದ ಸುದ್ದಿಯ ಪುಟವನ್ನು ಮಡಚಿ ಇಡುತ್ತಿದ್ದೆ. ಎಲ್ಲಿ ಗುಂಡಿ, ಎಲ್ಲಿ ಕಸ, ಎಲ್ಲಿ ನೀರಿಲ್ಲ ಎಂಬುದನ್ನು ಓದುವುದಕ್ಕೆ ಏನಿದೆ ಎಂಬ ತಾತ್ಸಾರ.

2016ರ ಅಕ್ಟೋಬರ್ 16ರ ಭಾನುವಾರ ನೆನಪಿದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಬೇಡ ಎಂದು ಸಾವಿರಾರು ಜನ ಕೈ ಕೈ ಹಿಡಿದು ಮಾನವ ಸರಪಳಿ ಮಾಡಿದರು. ನಮ್ಮ ಯುವಕರಲ್ಲೂ ಕೆಲವರು ಹೋಗಿದ್ದರು. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಯುವಕರು ಬಂದು ಹೇಳಿದಾಗ ನಾನೂ ಹೆಮ್ಮೆಪಟ್ಟೆ, ಪೂಜೆಯಲ್ಲಿ ಅದರ ಬಗ್ಗೆ ಮಾತೂ ಆಡಿದೆ. ದೊಡ್ಡ ವಿಷಯ ಬಂದಾಗ ನಗರದ ಜನ ಏಳುತ್ತಾರೆ. ಆದರೆ ನಮ್ಮ ಇಗರ್ಜಿಯ ಗೇಟಿನಿಂದ ಮೂವತ್ತು ಹೆಜ್ಜೆ ದೂರದ ಚರಂಡಿಯ ವಿಷಯಕ್ಕೆ ಯಾರು ಏಳಬೇಕು?

2019ರಲ್ಲಿ ಯಾವುದೋ ಕೇಬಲ್ ಹಾಕುವವರು ಆ ಚರಂಡಿಯ ಮೇಲಿನ ಕಲ್ಲು ಚಪ್ಪಡಿಯನ್ನು ಎತ್ತಿದರು. ವಾಪಸ್ ಇಡುವಾಗ ಅದು ಮುರಿಯಿತು. ಮುರಿದ ಎರಡು ತುಂಡನ್ನು ಹಾಗೆಯೇ ಇಟ್ಟು ಹೋದರು. ನಡುವೆ ಒಂದು ಕಾಲು ಇಳಿಯುವಷ್ಟು ಬಾಯಿ. ಯಾರೋ ಅದರೊಳಗೆ ಒಂದು ಕೊಂಬೆ ಸಿಕ್ಕಿಸಿದರು, ಎಚ್ಚರಿಕೆಗೆ. ನಾನು ದಿನಾ ಅದನ್ನು ನೋಡುತ್ತಿದ್ದೆ, ಸುತ್ತಿ ಹೋಗುತ್ತಿದ್ದೆ. ಒಂದು ಸಲ ಇಗರ್ಜಿಯ ಕೆಲಸದವನಿಗೆ “ಯಾರಿಗಾದರೂ ಹೇಳಪ್ಪ” ಎಂದೆ. ಯಾರಿಗೆ ಹೇಳಬೇಕೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಮ್ಮ ಪಾಲನಾ ಮಂಡಳಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದರು. ಅವರು ಆ ತಿಂಗಳು ನನ್ನ ಹತ್ತಿರ ಬಂದು, “ಫಾದರ್, ಶನಿವಾರ ವಾರ್ಡ್ ಸಮಿತಿ ಸಭೆ ಇದೆ. ನೀವೂ ಬನ್ನಿ, ಈ ಚಪ್ಪಡಿ ವಿಷಯ ಹೇಳೋಣ. ಗುರುಗಳು ಹೇಳಿದರೆ ಬೇಗ ಆಗುತ್ತೆ” ಎಂದರು. 2018ರ ಕೊನೆಯಿಂದ ಬೆಂಗಳೂರಿನ ವಾರ್ಡುಗಳಲ್ಲಿ ತಿಂಗಳ ಮೊದಲ ಶನಿವಾರ ಇಂಥ ಸಭೆಗಳು ನಡೆಯಲು ಶುರುವಾಗಿದ್ದವು. ನಾನು ಏನು ಹೇಳಿದೆ ಗೊತ್ತೇ? “ಸಾರ್, ನಮಗೆ ಗುರುಗಳಿಗೆ ರಾಜಕೀಯ ನಿಷಿದ್ಧ. ಸಭಾ ಕಾನೂನೇ ಹಾಗಿದೆ. ನೀವು ಹೋಗಿ ಬನ್ನಿ.” ಅವರಿಗೆ ಆ ದಿನ ಮಗಳ ಮನೆಯಲ್ಲಿ ಏನೋ ಕೆಲಸ ಬಂತು, ಹೋಗಲಾಗಲಿಲ್ಲ. ಹೀಗೆ ಆ ಶನಿವಾರ ನಮ್ಮ ಕಡೆಯಿಂದ ಯಾರೂ ಹೋಗಲಿಲ್ಲ.

ಅದಾಗಿ ಎರಡು ವಾರಕ್ಕೆ ಒಂದು ಸಂಜೆ ಜೋರು ಮಳೆ. ಕರೆಂಟು ಹೋಗಿತ್ತು. ಜಪಸರ ಮುಗಿಸಿ ಮನೆಗೆ ಹೊರಟ ಒಬ್ಬ ವಿಧವೆ ತಾಯಿ ಆ ಬಾಯಿಯಲ್ಲಿ ಕಾಲಿಟ್ಟರು. ರಸ್ತೆಯ ಮೇಲೆ ನೀರು ಹರಿಯುತ್ತಿದ್ದುದರಿಂದ ಕೊಂಬೆಯೂ ಕಾಣಲಿಲ್ಲ, ಬಾಯಿಯೂ ಕಾಣಲಿಲ್ಲ. ಸೊಂಟದ ಎಲುಬು ಮುರಿಯಿತು. ಹೊಲಿಗೆ ಮಾಡಿ ಬದುಕುತ್ತಿದ್ದವರು. ಹದಿನೆಂಟು ವರ್ಷ ಒಂದು ದಿನವೂ ಬೆಳಗ್ಗಿನ ಪೂಜೆ ತಪ್ಪಿಸಿದವರಲ್ಲ. ಆಮೇಲೆ ಅವರು ಇಗರ್ಜಿಗೆ ನಡೆದು ಬರಲೇ ಇಲ್ಲ.

ಆಸ್ಪತ್ರೆಗೆ ಹೋಗಿ ಅಭ್ಯಂಗ ಸಂಸ್ಕಾರ ಕೊಟ್ಟೆ. ಪ್ರಾರ್ಥನೆ ಮುಗಿದ ಮೇಲೆ ಅವರು ನನ್ನ ಕೈ ಹಿಡಿದು, “ಫಾದರ್, ಆ ಕಲ್ಲು ಒಡೆದಿದ್ದು ನಿಮಗೆ ಮುಂಚೆನೇ ಗೊತ್ತಿತ್ತಾ?” ಎಂದು ಕೇಳಿದರು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ತನಗೆ ಮಾತ್ರ ಕಣ್ಣು ಮಂಜಾಗಿ ಗೊತ್ತಾಗಲಿಲ್ಲವೋ ಏನೋ ಎಂದು ಅವರು ನಿಜಕ್ಕೂ ತಿಳಿಯಬಯಸಿದ್ದರು.

“ಗೊತ್ತಿತ್ತಮ್ಮಾ” ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಆ ರಾತ್ರಿ ಸಭಾ ಕಾನೂನಿನ ಪುಸ್ತಕ ತೆಗೆದು ನೋಡಿದೆ. ಆಡಳಿತಾಧಿಕಾರ ಇರುವ ಸಾರ್ವಜನಿಕ ಹುದ್ದೆಯನ್ನು ಗುರುಗಳು ವಹಿಸಿಕೊಳ್ಳಬಾರದು ಎಂದು 285ನೆಯ ವಿಧಿ ಹೇಳುತ್ತದೆ. ರಾಜಕೀಯ ಪಕ್ಷಗಳಲ್ಲಿ ಸಕ್ರಿಯ ಪಾತ್ರ ವಹಿಸಬಾರದು ಎಂದು 287ನೆಯ ವಿಧಿಯ ಎರಡನೆಯ ಭಾಗ ಹೇಳುತ್ತದೆ. ಎರಡೂ ಒಳ್ಳೆಯ ನಿಯಮಗಳೇ. ಪೀಠದಿಂದ ಪಕ್ಷದ ಪ್ರಚಾರ ಮಾಡುವ ಗುರು ತನ್ನ ಮಂದೆಯನ್ನೇ ಒಡೆಯುತ್ತಾನೆ. ಆದರೆ ಅದೇ 287ನೆಯ ವಿಧಿಯ ಮೊದಲ ಭಾಗ, ನ್ಯಾಯದ ಮೇಲೆ ನಿಂತ ಶಾಂತಿ ಸಾಮರಸ್ಯವನ್ನು ಜನರ ನಡುವೆ ಬೆಳೆಸುವುದು ಗುರುಗಳ ಕರ್ತವ್ಯ ಎನ್ನುತ್ತದೆ. ಚರಂಡಿಗೆ ಚಪ್ಪಡಿ ಹಾಕಿ ಎಂದು ಕೇಳುವುದನ್ನು ಯಾವ ವಿಧಿಯೂ ತಡೆದಿರಲಿಲ್ಲ. ನನ್ನ ಸೋಮಾರಿತನಕ್ಕೆ ನಾನು ಕಾನೂನಿನ ಅಂಗಿ ತೊಡಿಸಿದ್ದೆ.

ಮುಂದಿನ ತಿಂಗಳ ಮೊದಲ ಶನಿವಾರ ಹಿರಿಯರ ಜೊತೆ ನಾನೂ ಹೋದೆ. ದೊಡ್ಡ ಜಗಳ ನಡೆಯುತ್ತದೆ, ಪಕ್ಷದವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಸುಮಾರು ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಹನ್ನೊಂದು ಜನ, ಒಂದು ರಿಜಿಸ್ಟರು. ಪಾಲಿಕೆ ಸದಸ್ಯರು, ಇಂಜಿನಿಯರು, ಆರೋಗ್ಯ ವಿಭಾಗದವರು ಒಂದು ಕಡೆ. ನಾವು ಒಂದು ಕಡೆ. ನನ್ನ ಸರದಿ ಬಂದಾಗ ಚಪ್ಪಡಿಯ ವಿಷಯ ಹೇಳಿದೆ. “ಬರೆದು ಕೊಡಿ ಫಾದರ್” ಎಂದರು. ಜಾಗ, ಗುರುತು, ತೊಂದರೆ ಎಂದು ಮೂರು ಸಾಲು ಬರೆದು ಸಹಿ ಹಾಕಿದೆ. ಐದು ನಿಮಿಷ ಹಿಡಿಯಿತು. ಒಂಬತ್ತನೆಯ ದಿನ ಹೊಸ ಚಪ್ಪಡಿ ಬಂತು. ಅದನ್ನು ನೋಡಿದಾಗ ಸಂತೋಷಕ್ಕಿಂತ ಹೆಚ್ಚು ಸಂಕಟವಾಯಿತು. ಆ ಐದು ನಿಮಿಷವನ್ನು ನಾನು ಒಂದು ತಿಂಗಳು ಮೊದಲೇ ಕೊಡಬಹುದಿತ್ತಲ್ಲ!

ಅಂದಿನಿಂದ ನಾನು ವಿದ್ಯಾರ್ಥಿಯಾದೆ. ಎಷ್ಟೋ ವಿಷಯ ಗೊತ್ತೇ ಇರಲಿಲ್ಲ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು ಎಂದು ನಮ್ಮ ಸಂವಿಧಾನವೇ ಹೇಳುತ್ತದೆ. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿ ಅದು. ಹಳ್ಳಿಗಳಿಗೆ ಗ್ರಾಮಸಭೆಯನ್ನು ಕೊಟ್ಟ 73ನೆಯ ತಿದ್ದುಪಡಿಯ ಜೊತೆಗಾರ. ಅಪ್ಪ ಒಗೆದ ಅಂಗಿ ಹಾಕಿಕೊಂಡು ಹೋದ ಸಭೆಗೂ ನಾನು ಬೇಡವೆಂದ ಸಭೆಗೂ ಬೇರು ಒಂದೇ.

ಯಾವ ಕೆಲಸ ಯಾರದು ಎಂಬುದನ್ನೂ ಆಗ ಕಲಿತೆ. ಬೆಂಗಳೂರಿನಲ್ಲಿ ರಸ್ತೆ, ಮಳೆನೀರಿನ ಚರಂಡಿ ಪಾಲಿಕೆಯ ಕೆಲಸ. ಕುಡಿಯುವ ನೀರು ಮತ್ತು ಒಳಚರಂಡಿ 1964ರಲ್ಲಿ ಹುಟ್ಟಿದ ಜಲಮಂಡಳಿಯದು. ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆ ಎತ್ತಿ ತರುವವರು ಅವರೇ. ಕರೆಂಟು ಬೆಸ್ಕಾಂನದು. ಬಡಾವಣೆ ಮಾಡಿ ನಿವೇಶನ ಹಂಚುವುದು 1976ರಲ್ಲಿ ಆರಂಭವಾದ ಬಿ.ಡಿ.ಎ. ಬಸ್ಸಿಗೆ ಬೇರೆ ಸಂಸ್ಥೆ, ಮೆಟ್ರೋಗೆ ಬೇರೆ. ಒಂದೇ ರಸ್ತೆಯನ್ನು ಒಬ್ಬರು ಅಗೆಯುತ್ತಾರೆ, ಇನ್ನೊಬ್ಬರು ಮುಚ್ಚಬೇಕು. ಜನ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಸುಸ್ತಾಗಿ “ಈ ಊರೇ ಇಷ್ಟು” ಎಂದು ಬಿಡುತ್ತಾರೆ. ಆದರೆ ವಾರ್ಡಿನ ಸಭೆಯಲ್ಲಿ ಕೂತು ಕೇಳಿದರೆ ಯಾರ ಬಾಗಿಲು ತಟ್ಟಬೇಕೆಂಬುದಾದರೂ ತಿಳಿಯುತ್ತದೆ.

ಇನ್ನೊಂದು ಪಾಠ ಕಸದ್ದು. ಬೆಂಗಳೂರಿನ ಕಸವನ್ನು ಹಿಂದೆ ಲಾರಿಗಳಲ್ಲಿ ತುಂಬಿ ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳ ಬಳಿ ಸುರಿಯುತ್ತಿದ್ದರು. ಅಲ್ಲಿನ ಜನ ದುರ್ವಾಸನೆ, ನೊಣ, ಕೆಟ್ಟ ಬಾವಿ ನೀರಿನಿಂದ ಬೇಸತ್ತು ಹೋರಾಡಿದರು. ಮಾವಳ್ಳಿಪುರಕ್ಕೆ 2012ರಲ್ಲಿ ಲಾರಿ ನಿಂತಿತು. ಮಂಡೂರಿಗೆ 2014ರ ಕೊನೆಯಲ್ಲಿ. 2012ರ ಅಕ್ಟೋಬರಿನಿಂದಲೇ ಹಸಿ ಕಸ, ಒಣ ಕಸ ಬೇರೆ ಮಾಡುವುದು ಕಡ್ಡಾಯವಾಗಿತ್ತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಡಬ್ಬಿ, ಒಂದು ಚೀಲದ ಪದ್ಧತಿಯನ್ನು ಎಲ್ಲ ಮನೆಗಳಿಗೂ ವಿಧಿಸಿತು. ಇದನ್ನೆಲ್ಲ ನಾನು ಓದಿ ತಿಳಿದೆ. ಆದರೆ ಮನಸ್ಸಿಗೆ ನಾಟಿದ್ದು ಒಬ್ಬ ಪೌರಕಾರ್ಮಿಕ ತಾಯಿಯ ಮಾತಿನಿಂದ.

ಅವರು ಭಾನುವಾರದ ಎರಡನೆಯ ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುವವರು. ಒಂದು ಶನಿವಾರ ಸಭೆಯ ಬಾಗಿಲ ಬಳಿ ನಿಂತಿದ್ದರು. ಯಾರೋ ಎದ್ದು, “ನಮ್ಮ ಮೂಲೆಯಲ್ಲಿ ಕಸ ರಾಶಿ ಬೀಳುತ್ತೆ, ಇವರು ಸರಿಯಾಗಿ ಎತ್ತಲ್ಲ” ಎಂದರು. ಆ ತಾಯಿ ಎರಡೂ ಅಂಗೈ ಬಿಚ್ಚಿ ತೋರಿಸಿದರು. ಗೀರುಗಳು. “ಸಾರ್, ಕಸ ನಾನು ಎತ್ತುತ್ತೀನಿ. ಬ್ಲೇಡು, ಒಡೆದ ಗಾಜು ಅನ್ನದ ಜೊತೆ ಸೇರಿಸಿ ಕಟ್ಟಬೇಡಿ, ಅಷ್ಟೇ.” ಆಮೇಲೆ ನನ್ನ ಕಡೆ ನೋಡಿ ಮೆಲ್ಲನೆ, “ಫಾದರ್, ನಮ್ಮ ಹಬ್ಬದ ದಿನದ್ದೂ ಹಂಗೇ ಇತ್ತು” ಎಂದರು.

ನಾನು ತಲೆ ತಗ್ಗಿಸಿದೆ. ಆ ವರ್ಷದ ವಾರ್ಷಿಕ ಹಬ್ಬಕ್ಕೆ ಎಂಟುನೂರು ಜನರಿಗೆ ಊಟ ಹಾಕಿಸಿದ್ದೆವು. ಬ್ಯಾಂಡು, ದೀಪಾಲಂಕಾರ, ಮೆರವಣಿಗೆ ಎಲ್ಲವೂ ಚೆನ್ನಾಗಿ ಆಗಿತ್ತು. ತಟ್ಟೆ, ಲೋಟ, ಮೂಳೆ, ಅನ್ನ, ಬಾಟಲಿ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ಮೂಲೆಗೆ ಇಡಿಸಿದ್ದೆವು. ಸೋಮವಾರ ಬೆಳಿಗ್ಗೆ ಆ ಮೂಟೆ ಬಿಚ್ಚಿದ್ದು ಭಾನುವಾರ ನಮ್ಮೊಡನೆ ಪರಮಪ್ರಸಾದ ಸ್ವೀಕರಿಸಿದ ಕೈಗಳು. ನಮ್ಮಲ್ಲಿ ನಾಲ್ಕು ಭಾಷೆಯಲ್ಲಿ ಪೂಜೆ ನಡೆಯುತ್ತಿತ್ತು. ಯಾವ ಭಾಷೆಯ ಹಾಡು ಮೊದಲು ಬರಬೇಕೆಂದು ಪಾಲನಾ ಮಂಡಳಿಯಲ್ಲಿ ವಾದ ನಡೆದದ್ದುಂಟು. ಕಸ ಎಲ್ಲಿಗೆ ಹೋಗುತ್ತದೆ ಎಂದು ಯಾವ ಭಾಷೆಯವರೂ ಕೇಳಿರಲಿಲ್ಲ. ಮುಂದಿನ ಹಬ್ಬಕ್ಕೆ ಸ್ಟೀಲಿನ ತಟ್ಟೆ ಬಾಡಿಗೆಗೆ ತಂದೆವು. ತೊಳೆಯುವವರ ಖರ್ಚು ಹೆಚ್ಚಾಯಿತೆಂದು ಗೊಣಗಿದವರೂ ಇದ್ದರು. ಕಸದ ಮೂಟೆ ಮಾತ್ರ ಕಾಲು ಭಾಗಕ್ಕೆ ಇಳಿಯಿತು.

ಆಮೇಲೆ ಕೊರೋನಾ ಬಂತು. 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿಯೂ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಹೊಸ ಚುನಾವಣೆ ನಡೆಯಬೇಕೆಂಬುದು ಸಂವಿಧಾನದ ಮಾತು. ಅದು ನಡೆಯಲಿಲ್ಲ. ಆಡಳಿತಾಧಿಕಾರಿ ಬಂದರು. 198 ಇದ್ದ ವಾರ್ಡುಗಳನ್ನು 243 ಮಾಡಿದರು, ಮತ್ತೆ 225ಕ್ಕೆ ಇಳಿಸಿದರು. ಮೀಸಲಾತಿ, ಗಡಿ ಎಂದು ಮೊಕದ್ದಮೆಗಳಾದವು. ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಪಕ್ಷದ ಸರ್ಕಾರ ಬಂತು. 2025ರ ಸೆಪ್ಟೆಂಬರ್ 2ರಂದು ಹಳೆಯ ಮಹಾನಗರ ಪಾಲಿಕೆಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಅದೇ ನವೆಂಬರಿನಲ್ಲಿ ಒಟ್ಟು 369 ವಾರ್ಡುಗಳೆಂದು ಗೊತ್ತುಮಾಡಿದರು. ಈ ಐದು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಜನರಿರುವ ನಗರಕ್ಕೆ ಒಬ್ಬನೇ ಒಬ್ಬ ಚುನಾಯಿತ ಪಾಲಿಕೆ ಸದಸ್ಯ ಇರಲಿಲ್ಲ.

ಅಧಿಕಾರಿಗಳು ಕೆಲಸ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಕೊರೋನಾ ಕಾಲದಲ್ಲಿ ಜೀವ ಒತ್ತೆಯಿಟ್ಟು ದುಡಿದವರನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಹೆಸರು ಹಿಡಿದು ಕರೆಯಬಹುದಾದ, ಐದು ವರ್ಷಕ್ಕೊಮ್ಮೆ ನಮ್ಮ ಬಾಗಿಲಿಗೆ ಬರಲೇಬೇಕಾದ ಒಬ್ಬ ಮನುಷ್ಯ ಇಲ್ಲವಾದ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಅವಧಿ ಮುಗಿದ ತಿಂಗಳು ನಮ್ಮ ಧರ್ಮಕೇಂದ್ರದಲ್ಲಿ ಎಷ್ಟು ಜನರಿಗೆ ಅದು ಗೊತ್ತಾಗಿತ್ತು? ನಾನು ಕೇಳಿದ ಇಪ್ಪತ್ತು ಮನೆಗಳಲ್ಲಿ ಎರಡು ಮನೆಯವರಿಗೆ. 2015ರ ಆಗಸ್ಟಿನ ಪಾಲಿಕೆ ಚುನಾವಣೆಯಲ್ಲೂ ನೂರು ಮತದಾರರಲ್ಲಿ ಐವತ್ತು ಜನ ಮತಗಟ್ಟೆಗೆ ಬಂದಿರಲಿಲ್ಲ. ಖಾಲಿ ಇದ್ದ ಕುರ್ಚಿಯನ್ನು ಯಾರಾದರೂ ಎತ್ತಿಕೊಂಡು ಹೋದರೆ ಕೇಳುವವರು ಯಾರು?

ಅದೇ 2020ರ ಡಿಸೆಂಬರ್ 14ರಂದು, ಅದೇ ಕೊರೋನಾದ ನಡುವೆ, ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಜನ ಮುಖಕ್ಕೆ ಮಾಸ್ಕ್ ಹಾಕಿ ಸಾಲು ನಿಂತು ಪಂಚಾಯತಿಗೆ ಓಟು ಹಾಕಿದರು. ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನ. ಆಗ ನಾನು ಬೆಂಗಳೂರಿನಲ್ಲಿ ಕೂತು ಅಮ್ಮನಿಗೆ ಫೋನು ಮಾಡಿದೆ. “ಓಟು ಹಾಕಿ ಬಂದೆ ಮಗಾ. ಅಪ್ಪ ಇದ್ದಿದ್ದರೆ ಅವರೇ ಮೊದಲು ಹೋಗಿ ನಿಲ್ಲುತ್ತಿದ್ದರು” ಎಂದರು.

ಈಗ ನಾನು ಮತ್ತೆ ಗಡಿಯ ಈ ಕಡೆ ಬಂದಿದ್ದೇನೆ. ಇಲ್ಲಿ ಎಲ್ಲವೂ ಸರಿಯಾಗಿದೆ ಎಂದರೆ ಸುಳ್ಳಾಗುತ್ತದೆ. ಕೇರಳದ ಕಾಯಿದೆಯಂತೆ ಪ್ರತಿ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸೇರುತ್ತದೆ ಕೂಡ. ಅಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಕುಟುಂಬಶ್ರೀಯ ಮಹಿಳೆಯರು. ನಮ್ಮ ಗಂಡಸರು ಎಲ್ಲಿ? “ಅಲ್ಲಿ ಎಲ್ಲ ಮಲಯಾಳದಲ್ಲಿ ಫಾದರ್, ನಮಗೆ ಅದು ಆಗುವುದಿಲ್ಲ” ಎನ್ನುತ್ತಾರೆ. ಭಾಷೆಯ ನೋವು ನನಗೂ ಉಂಟು. ಕನ್ನಡದಲ್ಲಿ ನೋಟೀಸು ಕೊಡಿ, ಕನ್ನಡದಲ್ಲಿ ಅರ್ಜಿ ತೆಗೆದುಕೊಳ್ಳಿ ಎಂದು ಕೇಳುವುದು ನಮ್ಮ ಹಕ್ಕು. ಆದರೆ ಹೋಗದೆ ಇರುವವನು ಅದನ್ನು ಯಾರ ಹತ್ತಿರ ಕೇಳುತ್ತಾನೆ? ಹರಿತ ಕರ್ಮ ಸೇನೆಯ ಅಕ್ಕಂದಿರು ತಿಂಗಳಿಗೊಮ್ಮೆ ಮನೆಗೆ ಬಂದು ಪ್ಲಾಸ್ಟಿಕ್ ಕೊಂಡೊಯ್ಯುತ್ತಾರೆ. ಅವರಿಗೆ ಐವತ್ತು ರೂಪಾಯಿ ಕೊಡಲು ಮನಸ್ಸಿಲ್ಲದೆ ತೋಟದ ಮೂಲೆಯಲ್ಲಿ ಪ್ಲಾಸ್ಟಿಕ್ ಸುಡುವ ಮನೆಗಳು ನಮ್ಮ ಧರ್ಮಕೇಂದ್ರದಲ್ಲೂ ಇವೆ. ಹೊಗೆ ಪಕ್ಕದ ಮನೆಯ ಮಗುವಿನ ಎದೆಗೆ ಹೋಗುತ್ತದೆ.

ನಾವು ಗಡಿಯ ಜನ. ಇಲ್ಲಿರುವಾಗ “ಇದು ನಮ್ಮ ರಾಜ್ಯ ಅಲ್ಲ” ಎನ್ನುತ್ತೇವೆ. ಬೆಂಗಳೂರಿಗೋ ಮುಂಬಯಿಗೋ ಹೋದ ಮೇಲೆ “ಇದು ನಮ್ಮ ಊರಲ್ಲ” ಎನ್ನುತ್ತೇವೆ. ಹೀಗೆ ಎರಡೂ ಕಡೆ ಬಾಡಿಗೆದಾರರಾಗಿಯೇ ಆಯುಷ್ಯ ಕಳೆಯುತ್ತದೆ. ಬ್ಯಾಬಿಲೋನಿಗೆ ಸೆರೆಯಾಗಿ ಹೋದ ಜನರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರವನ್ನು ಇಂಥ ಹೊತ್ತಿನಲ್ಲಿ ಓದಬೇಕು. ಆ ಊರು ಅವರು ಬಯಸಿ ಹೋದ ಊರಲ್ಲ, ಅವರ ಭಾಷೆಯೂ ಅಲ್ಲಿನದಲ್ಲ. ಆದರೂ ಅಲ್ಲಿ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಹಿತಕ್ಕಾಗಿ ದುಡಿಯಿರಿ, ಪ್ರಾರ್ಥಿಸಿರಿ, ನಿಮ್ಮ ಹಿತವೂ ಅದರಲ್ಲಿಯೇ ಇದೆ ಎಂಬುದು ಆ ಪತ್ರದ ಸಾರ. ಇಪ್ಪತ್ತೊಂಬತ್ತನೆಯ ಅಧ್ಯಾಯದಲ್ಲಿದೆ, ಮನೆಯಲ್ಲಿ ಕುಟುಂಬ ಪ್ರಾರ್ಥನೆಯ ಹೊತ್ತಿಗೆ ತೆಗೆದು ನೋಡಿ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಬೇಡ. ನೀವು ಮಲಗಿ ಏಳುವ ಮನೆ ಯಾವ ವಾರ್ಡಿನಲ್ಲಿದೆ ಎಂದು ತಿಳಿದುಕೊಳ್ಳಿ. ನಮ್ಮ ಇಗರ್ಜಿಯ ವಾಳೆ ಯಾವುದು, ಗುರ್ಕಾರರು ಯಾರು ಎಂದು ನಿಮಗೆಲ್ಲ ಗೊತ್ತಲ್ಲ, ಹಾಗೆಯೇ. ಮತದಾರರ ಪಟ್ಟಿಯಲ್ಲಿ ಹೆಸರು ಸಾಮಾನ್ಯವಾಗಿ ವಾಸಿಸುವ ಜಾಗದಲ್ಲಿರಬೇಕೆಂದು ಕಾಯಿದೆ ಹೇಳುತ್ತದೆ. ಪರವೂರಿನಲ್ಲಿ ವರ್ಷಗಟ್ಟಲೆ ಇರುವ ಮಕ್ಕಳು ಇದನ್ನು ಯೋಚಿಸಲಿ. ಪತ್ರಿಕೆಯ ಸ್ಥಳೀಯ ಪುಟವನ್ನು ಮೊದಲು ಓದಿ. ಸಭೆ ಕರೆದಾಗ ಮನೆಗೆ ಒಬ್ಬರಾದರೂ ಹೋಗಿ, ಒಂದೇ ವಿಷಯ ಹೇಳಿ, ಬರೆದು ಕೊಡಿ, ಮುಂದಿನ ಸಲ ಹೋಗಿ ಏನಾಯಿತೆಂದು ಕೇಳಿ. ಬೈದು ಬರುವುದಕ್ಕಿಂತ ಇದು ಕಷ್ಟ, ಬೇಸರದ ಕೆಲಸ. ಅಪ್ಪನಿಗೆ ಮೂರು ವರ್ಷ ಹಿಡಿಯಿತು.

ಹೊಲಿಗೆಯ ಆ ತಾಯಿ 2021ರ ಆರಂಭದಲ್ಲಿ ತೀರಿಕೊಂಡರು. ಕೊರೋನಾ ನಿಯಮಗಳಿದ್ದುದರಿಂದ ಅಂತ್ಯಸಂಸ್ಕಾರಕ್ಕೆ ಹೆಚ್ಚು ಜನ ಸೇರಲಿಲ್ಲ. ಶವಪೆಟ್ಟಿಗೆ ಇಗರ್ಜಿಗೆ ಬರುವಾಗ ಹೊತ್ತವರು ಆ ಹೊಸ ಚಪ್ಪಡಿಯ ಮೇಲೆಯೇ ನಡೆದು ಬಂದರು. ನಾನು ಗೇಟಿನಲ್ಲಿ ಪವಿತ್ರ ಜಲ ಹಿಡಿದು ನಿಂತು ಅದನ್ನು ನೋಡಿದೆ.

ಓಟಿಗೆ ಬಂದಿದ್ದ ಯುವಕ ಆ ರಾತ್ರಿಯೇ ಬಸ್ಸು ಹತ್ತಿದ. ಕ್ರಿಸ್ತಜಯಂತಿಯ ಹಿಂದಿನ ದಿನ ಅವನಿಂದ ಮೊಬೈಲಿಗೆ ಒಂದು ಸಂದೇಶ ಬಂತು. ಹಬ್ಬದ ಶುಭಾಶಯದ ಕೆಳಗೆ ಅವನಿರುವ ಹೊಸ ವಾರ್ಡಿನ ಹೆಸರು, ನಂಬರು ಬರೆದಿದ್ದ. “ಹುಡುಕಿ ತೆಗೆದೆ ಫಾದರ್. ಇನ್ನು ಎಂತ ಮಾಡಬೇಕು?” ಎಂದು ಕೇಳಿದ್ದ.

ಪಕ್ಕದ ಮನೆಯವರಿಗೂ ಹೇಳು ಎಂದು ಉತ್ತರಿಸಿದೆ.